ಕಾವು ಮರೆಯದ ಕೋಳಿ

ಕಾವಿಗೆ ಕೂತ ಜವಾರಿ ಕೋಳಿಯ ಹತ್ತಿರ ಕೈ ಒಯ್ದರೆ ಅದು ಎದ್ದು ಓಡುವುದಿಲ್ಲ. ಮೈಗರಿಯನ್ನೆಲ್ಲ ಉಬ್ಬಿಸಿ ಗುರುಗುಟ್ಟುತ್ತದೆ. ಕೈ ಇನ್ನಷ್ಟು ಹತ್ತಿರ ಬಂದರೆ ಕುಕ್ಕುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದ ಯಾರಿಗೂ ಇದು ಹೊಸದಲ್ಲ. ಆದರೆ ಮೊಟ್ಟೆಗಾಗಿಯೇ ಬೆಳೆಸಿದ ಫಾರಂ ಕೋಳಿ ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆ ಇಟ್ಟರೂ ಒಂದರ ಮೇಲೂ ಕೂರುವುದಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ತಳಿ ಆರಿಸುವವರು ಕಾವಿಗೆ ಕೂರುವ ಕೋಳಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಬದಿಗೆ ಸರಿಸುತ್ತ ಬಂದರು. ಕೊನೆಗೆ ಉಳಿದದ್ದು ತಾಯ್ತನವಿಲ್ಲದ ಕೋಳಿ.

ಈ ಗುಣದಲ್ಲಿ ನಮ್ಮ ಜವಾರಿಯನ್ನೂ ಮೀರಿಸುವ ಪುಟ್ಟ ಕೋಳಿಯೊಂದಿದೆ. ಅದರ ಹೆಸರು ಸಿಲ್ಕಿ. ತೂಕ ಎರಡು ಕಿಲೋಗಿಂತ ಕಡಿಮೆ. ಮೈಮೇಲೆ ಗರಿಯ ಬದಲು ಬಿಡಿಸಿದ ಅರಳೆಯಂಥ ಹೊದಿಕೆ, ತಲೆಯ ಮೇಲೆ ಕುಚ್ಚು, ಕಪ್ಪು ಚರ್ಮ, ಕಾಲಿಗೆ ನಾಲ್ಕರ ಬದಲು ಐದು ಬೆರಳು. ಇದರ ತವರು ಚೀನಾ ಎಂದು ಹೆಚ್ಚಿನವರ ಎಣಿಕೆ. 13ನೇ ಶತಮಾನದ ಕೊನೆಯಲ್ಲಿ ಚೀನಾ ಸುತ್ತಿದ ಮಾರ್ಕೊ ಪೋಲೊ, ಬೆಕ್ಕಿನಂತೆ ಕೂದಲಿರುವ ಕಪ್ಪು ಕೋಳಿಗಳು ಅಲ್ಲಿವೆ ಎಂದು ಬರೆಸಿದ್ದಾನೆ. ನಮ್ಮಲ್ಲಿಯೂ ಇದನ್ನು ಅಲಂಕಾರಕ್ಕೆಂದು ಕೊಂಡು ಸಾಕುವವರಿದ್ದಾರೆ. ಅಂದಕ್ಕಿಂತ ಅದರ ಕಾವಿನ ಗುಣವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಅಂದದ ಹಿಂದಿನ ವಿಜ್ಞಾನ ತಿಳಿಯದೆ ಈ ಕೋಳಿಯನ್ನು ಕೊಪ್ಪಳದ ಬಿಸಿಲಿಗೆ ತಂದರೆ ಅದು ಬದುಕುವುದು ಕಷ್ಟ.

ಅಂಗಳದಲ್ಲಿ ಬಿದ್ದ ಜವಾರಿ ಕೋಳಿಯ ಒಂದು ಗರಿ ಎತ್ತಿಕೊಳ್ಳಿ. ನಡುವೆ ದಂಟು, ದಂಟಿನ ಎರಡೂ ಬದಿಗೆ ಒತ್ತೊತ್ತಾಗಿ ಎಳೆಗಳು. ಬೆರಳಿಂದ ಆ ಎಳೆಗಳನ್ನು ಸೀಳಿ, ಮತ್ತೆ ಬುಡದಿಂದ ತುದಿಗೆ ಸವರಿ. ಸೀಳಿದ್ದು ಕೂಡಿಕೊಳ್ಳುತ್ತದೆ. ಪ್ರತಿ ಎಳೆಯಿಂದಲೂ ಇನ್ನೂ ಸಣ್ಣ ಎಳೆಗಳು ಹೊರಟು, ಅವುಗಳ ತುದಿಯ ಸೂಕ್ಷ್ಮ ಕೊಕ್ಕೆಗಳು ಪಕ್ಕದ ಎಳೆಯನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಈ ಹಿಡಿತದಿಂದಲೇ ಗರಿ ಹಲಗೆಯಂತೆ ಚಪ್ಪಟೆಯಾಗುತ್ತದೆ, ಮಳೆಹನಿ ಜಾರಿ ಹೋಗುತ್ತದೆ. ಸಿಲ್ಕಿಯ ಮೈಗರಿಯಲ್ಲಿ ಆ ಕೊಕ್ಕೆಗಳಿಲ್ಲ, ಎಳೆಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಪಿಡಿಎಸ್‌ಎಸ್2 ಎಂಬ ಜೀನಿನ ಕೆಲಸವನ್ನು ನಿಯಂತ್ರಿಸುವ ಜಾಗದಲ್ಲಾದ ಒಂದು ಬದಲಾವಣೆ ಇದಕ್ಕೆ ಕಾರಣವೆಂದು 2014ರಲ್ಲಿ ಗೊತ್ತಾಯಿತು. ತಾಯಿ ತಂದೆ ಇಬ್ಬರಿಂದಲೂ ಆ ಬದಲಾವಣೆ ಬಂದರೆ ಮಾತ್ರ ಮರಿಗೆ ರೇಷ್ಮೆಗರಿ ಮೂಡುತ್ತದೆ. ಸಿಲ್ಕಿ ಹೇಂಟೆಗೆ ಜವಾರಿ ಹುಂಜ ಕೂಡಿದರೆ ಮರಿಗಳಿಗೆ ಬರುವುದು ಮಾಮೂಲಿ ಗರಿಯೇ. ಈ ಕೋಳಿ ಡಾರ್ವಿನ್ನನ ಕಣ್ಣಿಗೂ ಬಿದ್ದಿತ್ತು. ಅವನು ಬಿಳಿ ಸಿಲ್ಕಿ ಹೇಂಟೆಗೆ ಕಪ್ಪು ಸ್ಪ್ಯಾನಿಶ್ ಹುಂಜ ಕೂಡಿಸಿದಾಗ ಹುಟ್ಟಿದ ಒಂದು ಹುಂಜ ಕಾಡುಕೋಳಿಯ ಬಣ್ಣ ತಾಳಿತ್ತು. ಸಾಕು ಕೋಳಿಗಳ ಪೂರ್ವಜ ಕೆಂಪು ಕಾಡುಕೋಳಿ ಎಂಬ ವಾದಕ್ಕೆ 1868ರ ತನ್ನ ಪುಸ್ತಕದಲ್ಲಿ ಅದನ್ನೂ ಬಳಸಿಕೊಂಡ.

ಕಪ್ಪು ಚರ್ಮದ ಕತೆ ನಮಗೆ ಇನ್ನೂ ಹತ್ತಿರದ್ದು. ಕಡಕನಾಥ ಕೋಳಿಯ ಹೆಸರು ಕೇಳದವರು ಈಗ ಕಡಿಮೆ. ಮಧ್ಯಪ್ರದೇಶದ ಝಾಬುವಾದ ಈ ತಳಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಿಲ್ಕಿಯ ಕಪ್ಪಿಗೂ ಕಡಕನಾಥದ ಕಪ್ಪಿಗೂ ಮೂಲ ಒಂದೇ. 20ನೇ ವರ್ಣತಂತುವಿನಲ್ಲಿ ಎರಡು ತುಣುಕುಗಳು ಇಮ್ಮಡಿಯಾಗಿ, ಒಂದು ಭಾಗ ತಲೆಕೆಳಗಾಗಿ ಕೂತಿದೆ. ಆ ತುಣುಕುಗಳಲ್ಲೊಂದರಲ್ಲಿ ಇಡಿಎನ್3 ಎಂಬ ಜೀನಿದೆ. ಬಣ್ಣ ತಯಾರಿಸುವ ಎಳೆಯ ಕೋಶಗಳು ಹೆಚ್ಚಾಗುವಂತೆ ಮಾಡುವುದು ಇದರ ಕೆಲಸ. ಸಾಮಾನ್ಯ ಭ್ರೂಣದಲ್ಲಿ ಆ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಚರ್ಮ, ಗರಿಗಳ ದಾರಿ ಹಿಡಿಯುತ್ತವೆ. ಇಲ್ಲಿ ಅವು ಎಷ್ಟು ಹೆಚ್ಚುತ್ತವೆಂದರೆ ಸ್ನಾಯು, ಕರುಳಿನ ಹೊರಪದರ, ಎಲುಬಿನ ಮೇಲಿನ ಪೊರೆ ಎಲ್ಲಕ್ಕೂ ಹರಡುತ್ತವೆ. ಈ ಕಪ್ಪು ಮೆಲನಿನ್, ನಮ್ಮ ತಲೆಗೂದಲಲ್ಲಿರುವ ಅದೇ ಬಣ್ಣ. ಬಣ್ಣವೊಂದರಿಂದಲೇ ಮಾಂಸ ಔಷಧಿಯಾಗುವುದಿಲ್ಲ. ಮೊಟ್ಟೆಯೂ ಕಪ್ಪಾಗಿರುವುದಿಲ್ಲ, ಎರಡೂ ತಳಿಗಳದ್ದು ಕೆನೆಬಣ್ಣ ಇಲ್ಲವೇ ತಿಳಿಗಂದು. ಕಪ್ಪು ಮೊಟ್ಟೆಯ ಚಿತ್ರ ತೋರಿಸಿ ಯಾರಾದರೂ ದುಬಾರಿ ಬೆಲೆ ಹೇಳಿದರೆ ನಂಬಬೇಡಿ. ಐದನೆಯ ಬೆರಳಿಗೂ ಇಂಥದ್ದೇ ಸಣ್ಣ ಕಾರಣವಿದೆ: ಕಾಲಿನ ಬೆಳವಣಿಗೆಯನ್ನು ನಿರ್ದೇಶಿಸುವ ಜೀನೊಂದರ ನಿಯಂತ್ರಣದ ಜಾಗದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಬೆಕ್ಕುಗಳಲ್ಲಿ, ಮನುಷ್ಯರಲ್ಲಿ ಹೆಚ್ಚುವರಿ ಬೆರಳು ಮೂಡುವುದರ ಹಿಂದೆಯೂ ಹಲವು ಸಲ ಇದೇ ಜಾಗದ ದೋಷ ಇರುತ್ತದೆ.

ಇನ್ನು ಕಾವು.

ಕೋಳಿ ಮೊಟ್ಟೆಯ ಮೇಲೆ ಕೂತಾಗ ಹೊಟ್ಟೆಯಡಿಯ ಗರಿ ಉದುರಿ ಬರಿ ಚರ್ಮ ಕಾಣುತ್ತದೆ. ಅಲ್ಲಿ ರಕ್ತನಾಳಗಳು ದಟ್ಟವಾಗಿ, ಚರ್ಮ ಬೆಚ್ಚಗಾಗುತ್ತದೆ. ಮೊಟ್ಟೆಯ ಸ್ಪರ್ಶ ಆ ಚರ್ಮದಿಂದ ಮೆದುಳಿಗೆ ಹೋಗುತ್ತದೆ, ಮೆದುಳಿನ ತಳದ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸುರಿಸುತ್ತದೆ. ತಾಯಂದಿರಲ್ಲಿ ಎದೆಹಾಲು ಬರಿಸುವುದೂ ಪ್ರೊಲ್ಯಾಕ್ಟಿನ್ನೇ. ಕೋಳಿಯಲ್ಲಿ ಅದು ಏರಿದಂತೆ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಮೊಟ್ಟೆ ತೆಗೆದುಬಿಟ್ಟರೆ ಹಾರ್ಮೋನು ಬೇಗ ಇಳಿಯುತ್ತದೆ. ಕಾವು ಬಿಡಿಸಲು ಹಳ್ಳಿಗಳಲ್ಲಿ ಕೋಳಿಯ ಹೊಟ್ಟೆಯನ್ನು ತಣ್ಣೀರಲ್ಲಿ ಅದ್ದುವ ರೂಢಿ ಇದೆ. ಬೆಚ್ಚಗಿನ ಹೊಟ್ಟೆಯನ್ನು ತಣಿಸಿ, ಮೊಟ್ಟೆಯಿಂದ ದೂರವಿಟ್ಟರೆ ಈ ಸರಪಳಿ ಅಲ್ಲೇ ತುಂಡಾಗುತ್ತದೆ. ಹಿರಿಯರ ರೂಢಿಯಲ್ಲಿ ಅರ್ಥವಿತ್ತು. ಮೂಗಿನ ಹೊಳ್ಳೆಗೆ ಪುಕ್ಕ ಚುಚ್ಚುವ ಪದ್ಧತಿ ಮಾತ್ರ ಹಿಂಸೆ, ಅದನ್ನು ಬಿಡಬೇಕು.

ಕೂತ ಕೋಳಿ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು, ನೀರು ಕುಡಿದು, ಒಂದಿಷ್ಟು ಕಾಳು ತಿಂದು, ಹಿಕ್ಕೆ ಹಾಕಿ ಓಡೋಡಿ ಬರುತ್ತದೆ. ಕಾಡುಕೋಳಿಗಳ ಮುಂದೆಯೇ ಕಾಳು ಇಟ್ಟು ನೋಡಿದ್ದಾರೆ. ಆಗಲೂ ಅವು ಹೊಟ್ಟೆ ತುಂಬ ತಿನ್ನುವುದಿಲ್ಲ, ತೂಕ ಇಳಿಯುತ್ತಲೇ ಹೋಗುತ್ತದೆ. ಸಿಲ್ಕಿಯದ್ದು ಇನ್ನೂ ಅತಿ. ಮೊಟ್ಟೆ ಇಲ್ಲದ ಬರಿ ಗೂಡಿನಲ್ಲೂ ಕೂತುಬಿಡುತ್ತದೆ. ಸಾಕುವವರೇ ದಿನಕ್ಕೊಮ್ಮೆ ಎತ್ತಿ ಹೊರಗೆ ಬಿಟ್ಟು, ನೀರು ಕುಡಿಸಿ ಕಳಿಸಬೇಕು, ಬೇಸಿಗೆಯಲ್ಲಂತೂ ಇದನ್ನು ತಪ್ಪಿಸುವಂತಿಲ್ಲ. ಬಾತು, ಗಿನಿಕೋಳಿ, ಯಾವುದರ ಮೊಟ್ಟೆ ಇಟ್ಟರೂ ತನ್ನದೇ ಎಂದು ಕಾಯುವುದರಿಂದ ಹಲವು ದೇಶಗಳಲ್ಲಿ ಸಿಲ್ಕಿಯನ್ನು ಸಾಕುತಾಯಿಯಾಗಿಯೇ ಇಟ್ಟುಕೊಳ್ಳುತ್ತಾರೆ. ಮೈ ಚಿಕ್ಕದು, ಆದ್ದರಿಂದ ಜವಾರಿ ಕೋಳಿಯಡಿ ಹತ್ತು ಹನ್ನೆರಡು ಮೊಟ್ಟೆ ಇಡುವಲ್ಲಿ ಇದರಡಿ ಐದಾರು ಸಾಕು.

ಕೊಪ್ಪಳ ಜಿಲ್ಲೆಯಲ್ಲಿ ಎಷ್ಟೋ ಮೊಟ್ಟೆಗಳು ಕೋಳಿಯಡಿ ಹೋಗುವ ಮೊದಲೇ ಕೆಡುತ್ತವೆ. ತಪ್ಪು ಕೋಳಿಯದ್ದೂ ಅಲ್ಲ, ಹುಂಜದ್ದೂ ಅಲ್ಲ. ಇಟ್ಟ ಮೊಟ್ಟೆಯಲ್ಲಿ ಭ್ರೂಣ ಆಗಲೇ ಬೆಳೆಯಲು ತೊಡಗಿರುತ್ತದೆ. ಸುತ್ತಲಿನ ಬಿಸಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದರೆ ಅದು ನಿದ್ದೆ ಹೋಗಿ, ಕಾವು ಸಿಕ್ಕಾಗ ಮತ್ತೆ ಎಚ್ಚರಗೊಳ್ಳುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯೊಳಗೂ ತಂಪಿರುವುದಿಲ್ಲ. ಗೂಡೆಯಲ್ಲಿ ಕೂಡಿಟ್ಟ ಮೊಟ್ಟೆಯೊಳಗಿನ ಭ್ರೂಣ ನಿದ್ದೆಯೂ ಹೋಗದೆ, ಪೂರಾ 37.5 ಡಿಗ್ರಿಯ ಕಾವೂ ಸಿಗದೆ ಅರ್ಧಂಬರ್ಧ ಬೆಳೆದು ಸಾಯುತ್ತದೆ. ಉಪಾಯ ಸುಲಭ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮರಳು ತುಂಬಿ, ನೀರು ಚಿಮುಕಿಸಿ, ಮೇಲೆ ಗೋಣಿತಟ್ಟು ಹಾಸಿ, ಮೊಟ್ಟೆಯ ಚೂಪು ತುದಿ ಕೆಳಗೆ ಬರುವಂತೆ ಇಡಬೇಕು. ನೀರು ಆವಿಯಾಗುತ್ತ ತಂಪು ಕೊಡುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತುಂಗಭದ್ರಾ ಕಾಲುವೆಯ ನೀರು ನಿಂತ ಗಂಗಾವತಿಯ ಗದ್ದೆ ಸೀಮೆಯಲ್ಲಿ ಹವೆ ತೇವವಿರುವಾಗ ಅಷ್ಟು ತಂಪಾಗದು. ಎಲ್ಲಿಯೇ ಆಗಲಿ, ಒಂದು ವಾರಕ್ಕಿಂತ ಹಳೆಯ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಒಳ್ಳೆಯದು.

ಕಾವು ಒಟ್ಟು 21 ದಿನ. ಏಳನೆಯ ದಿನ ರಾತ್ರಿ ಕತ್ತಲ ಕೋಣೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಕೆಂಪು ನಾಳಗಳ ಜಾಲ, ನಡುವೆ ಅಲುಗಾಡುವ ಕಪ್ಪು ಚುಕ್ಕೆ ಕಾಣುತ್ತದೆ. ಏನೂ ಕಾಣದ ಮೊಟ್ಟೆ ತೆಗೆದುಬಿಡಿ. ಹೃದಯ ಇದಕ್ಕಿಂತ ಬಹಳ ಮೊದಲೇ, ಎರಡನೆಯ ದಿನವೇ ಬಡಿಯಲು ಶುರುವಾಗಿರುತ್ತದೆ. ತಾಯಿಕೋಳಿ ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತದೆ, ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ನೀರಾವಿ ಹೊರಹೋಗಿ, ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುತ್ತ ಬರುತ್ತದೆ. ಕೊನೆಯ ಹೊತ್ತಿನಲ್ಲಿ ಮರಿಗೆ ಬೇಕಾಗುವುದು ಆ ಗಾಳಿಯೇ.

ಹತ್ತೊಂಬತ್ತು, ಇಪ್ಪತ್ತನೆಯ ದಿನದ ಹೊತ್ತಿಗೆ ಮರಿಯ ಕೊಕ್ಕು ಗಾಳಿಗೂಡಿನ ಪೊರೆ ತೂರುತ್ತದೆ. ಅಲ್ಲಿಯವರೆಗೆ ಚಿಪ್ಪಿನೊಳಗಿನ ನಾಳಗಳಿಂದ ಉಸಿರಾಡುತ್ತಿದ್ದ ಜೀವ ಮೊದಲ ಸಲ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಮೊಟ್ಟೆಯನ್ನು ಕಿವಿಗೆ ಹಿಡಿದರೆ ಒಳಗಿಂದ ಚಿಂವ್ ಚಿಂವ್ ಕೇಳುತ್ತದೆ, ತಾಯಿಯೂ ಗೊಟಕ್ ಗೊಟಕ್ ಎಂದು ಉತ್ತರಿಸುತ್ತದೆ. ಕೊಕ್ಕಿನ ತುದಿಯ ಗಟ್ಟಿ ಮೊಳೆಯಿಂದ ಮರಿ ಚಿಪ್ಪಿಗೆ ಮೊದಲ ಬಿರುಕು ಹಾಕುತ್ತದೆ. ಅನಂತರ ಗಂಟೆಗಟ್ಟಲೆ ಸುಮ್ಮನಿರುತ್ತದೆ. ನೋಡುವವರಿಗೆ ತಡೆಯಲಾಗುವುದಿಲ್ಲ, ಕೈ ಹಾಕಿ ಚಿಪ್ಪು ಸುಲಿಯುತ್ತಾರೆ. ಆಗ ರಕ್ತ ಒಸರಿ ಮರಿ ಸಾಯುತ್ತದೆ. ಸುಮ್ಮನಿರುವಂತೆ ಕಂಡ ಹೊತ್ತಿನಲ್ಲಿ ಮರಿ ಚಿಪ್ಪಿನ ನಾಳಗಳ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯ ಚೀಲವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ. ಬಿರುಕು ಬಿಟ್ಟು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಕಾಯಬೇಕು. ಹೊಟ್ಟೆ ಸೇರಿದ ಹಳದಿಯೇ ಮರಿಗೆ ಎರಡು ದಿನದ ಬುತ್ತಿ. ಹ್ಯಾಚರಿಗಳು ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದು ಇದರಿಂದಲೇ. ಅದೇ ಹಳದಿಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೂ ಇವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವು.

ಹೊರಬಂದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬಾರದು. ಮೊದಲ ವಾರ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ತಾಯಿ ಇದ್ದರೆ ಈ ಲೆಕ್ಕವೇ ಬೇಡ. ಬಲ್ಬಿನಡಿ ಸಾಕುವವರು ಮರಿಗಳನ್ನೇ ನೋಡಬೇಕು: ಗುಂಪುಗೂಡಿ ಚೀರುತ್ತಿದ್ದರೆ ಚಳಿ, ರೆಕ್ಕೆ ಅಗಲಿಸಿ ಬಾಯಿ ತೆರೆದು ದೂರ ನಿಂತರೆ ಸೆಕೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಕಾವಿನ ಕೋಳಿಯ ಬೆಲೆ ಗೊತ್ತಾಗುವುದು ಆಗ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾದಂಥ ತಳಿಗಳ ಒಂದು ದಿನದ ಮರಿಗಳನ್ನು ತಂದರೆ, ಕಾವಿಗೆ ಕೂತ ಸಿಲ್ಕಿಯ ಇಲ್ಲವೇ ಜವಾರಿಯ ಹೊಟ್ಟೆಯಡಿಗೆ ರಾತ್ರಿ ಕತ್ತಲಲ್ಲಿ ಒಂದೊಂದಾಗಿ ಸೇರಿಸಿ ನೋಡಿ. ಸಾಮಾನ್ಯವಾಗಿ ಬೆಳಗ್ಗೆ ಕೋಳಿ ಅವನ್ನು ತನ್ನವೆಂದೇ ಕರೆದುಕೊಂಡು ಹೊರಡುತ್ತದೆ.

ನೆಲಕ್ಕೆ ಗಂಗಾವತಿಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಎರಡಂಗುಲ ಹಾಸಿದರೆ ಸಾಕು. ನುಣುಪು ಕಾಗದ ಬೇಡ, ಮರಿಗಳ ಕಾಲು ಜಾರಿ ಅಗಲವಾಗುತ್ತವೆ. ನೀರಿನ ತಟ್ಟೆಯಲ್ಲಿ ಬೆಣಚು ಕಲ್ಲು ಹಾಕಿ, ಇಲ್ಲದಿದ್ದರೆ ಸಿಲ್ಕಿಯಂಥ ಚಿಕ್ಕ ಮರಿ ಅದರಲ್ಲೇ ಮುಳುಗೀತು. ಬರಿ ಅಕ್ಕಿನುಚ್ಚು ಮರಿಗೆ ಸಾಲದು. ಬೆಳೆಯುವ ಮರಿಗೆ ಆಹಾರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಬೇಕು, ನುಚ್ಚಿನಲ್ಲಿ ಅದರ ಅರ್ಧವೂ ಇಲ್ಲ. ಸಜ್ಜೆ ಅದಕ್ಕಿಂತ ಮೇಲು, ಗೆದ್ದಲು ಸಿಕ್ಕರೆ ಇನ್ನೂ ಒಳ್ಳೆಯದು. ಶೇಂಗಾ ಹಿಂಡಿ ಕೊಡುವವರು ಬೂಸಲು ಹಿಡಿದದ್ದನ್ನು ಮುಟ್ಟಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲ್ಲಿನಿಂದ ಬಂದ ಬೂಸಲು ಶೇಂಗಾ ಹಿಂಡಿ ತಿಂದು. ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ.

ಸಿಲ್ಕಿ ಸಾಕುವವರು ಇನ್ನೂ ಕೆಲವು ಎಚ್ಚರ ವಹಿಸಬೇಕು. ಅದರ ಗರಿ ನೀರು ಹಿಡಿದುಕೊಳ್ಳುತ್ತದೆ, ಒಂದು ಮಳೆಗೆ ತೊಯ್ದರೆ ಒಣಗಲು ಬಹಳ ಹೊತ್ತು ಬೇಕು. ಅದರ ತಲೆಬುರುಡೆ ಹಲವು ಸಲ ಕುಚ್ಚಿನಡಿ ಉಬ್ಬಿ ಮೆತ್ತಗಿರುತ್ತದೆ, ಆದ್ದರಿಂದ ಜಗಳಗಂಟಿ ಹುಂಜದ ಜೊತೆ ಬಿಡಬಾರದು, ಒಂದು ಕುಕ್ಕು ಸಾಕು. ಕುಚ್ಚು ಕಣ್ಣಿಗೆ ಅಡ್ಡ ಬರುವುದರಿಂದ ಹದ್ದು, ಬೆಕ್ಕು, ಮುಂಗುಸಿ ಹತ್ತಿರ ಬಂದರೂ ಅದಕ್ಕೆ ಕಾಣದು. ಹಾರಿ ಮರ ಏರಲೂ ಬಾರದು. ಮಧ್ಯಾಹ್ನದ ಬಿಸಿಲಿಗೆ ಬೇವಿನ ನೆರಳು, ಮಡಕೆಯ ನೀರು ಬೇಕೇ ಬೇಕು. ಕೋಳಿಗೆ ಬೆವರು ಗ್ರಂಥಿಗಳಿಲ್ಲ, ಬಾಯಿ ತೆರೆದು ತೇಕುವುದೇ ಮೈ ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ. ನನ್ನನ್ನು ಕೇಳಿದರೆ ಇಲ್ಲಿ ಹಿತ್ತಲ ಮುಖ್ಯ ಕೋಳಿ ಜವಾರಿಯೇ ಆಗಿರಬೇಕು. ಜೋಪಾನ ಮಾಡಬಲ್ಲವರು ಮರಿ ಮಾಡಿಸಲು ಒಂದೆರಡು ಸಿಲ್ಕಿ ಇಟ್ಟುಕೊಳ್ಳಲಿ.

ಕೆಲವು ರೋಗಗಳು ಜವಾರಿ, ಸಿಲ್ಕಿ ಎರಡಕ್ಕೂ ಬರುತ್ತವೆ. ಗದ್ದೆ ಸೀಮೆಯಲ್ಲಿ ಸೊಳ್ಳೆಗಳು ಕೋಳಿ ಸಿಡುಬು ಹರಡುತ್ತವೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಊರಿನ ಕೋಳಿಯೆಲ್ಲ ಒಂದೇ ವಾರದಲ್ಲಿ ಹೋಗಬಹುದು. ಅದಕ್ಕೆ ಔಷಧಿಯಿಲ್ಲ, ಲಸಿಕೆ ಇದೆ. ಐದರಿಂದ ಏಳನೆಯ ದಿನದೊಳಗೆ ಮರಿಯ ಕಣ್ಣಿಗೆ ಲಸೋಟಾ ಇಲ್ಲವೇ ಎಫ್1 ಲಸಿಕೆಯ ಒಂದು ಹನಿ, ಆಮೇಲೆ ಪಶುವೈದ್ಯರು ಹೇಳಿದ ಹೊತ್ತಿಗೆ ಮುಂದಿನ ಡೋಸು. ಒಂದು ಶೀಶೆಯಲ್ಲಿ ನೂರಾರು ಮರಿಗಾಗುವಷ್ಟು ಲಸಿಕೆ ಇರುತ್ತದೆ, ಕರಗಿಸಿದ ಮೇಲೆ ಅದು ಉಳಿಯುವುದಿಲ್ಲ. ಐದು ಮರಿ ಇದ್ದವರು ಒಬ್ಬರೇ ತರುವುದು ದಂಡ. ಆದ್ದರಿಂದ ಓಣಿಯಲ್ಲಿ ಕೋಳಿ ಸಾಕುವವರೆಲ್ಲ ಒಂದು ದಿನ ಗೊತ್ತುಮಾಡಿ, ತಾಲ್ಲೂಕು ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ, ಐಸ್ ಹಾಕಿದ ಡಬ್ಬಿಯಲ್ಲಿ ಲಸಿಕೆ ತಂದು ಎಲ್ಲ ಮನೆಯ ಮರಿಗಳಿಗೂ ಅದೇ ಬೆಳಗ್ಗೆ ಹಾಕಿಸಿ.