ನಿಮಗಿದು ಗೊತ್ತೆ? ತುಕ್ಕು ಹಿಡಿದ ಬೈಕಿಗೆ ಮೂರು ಲಕ್ಷ ಪೌಂಡ್!

ಓಡುವ ಸ್ಥಿತಿಯಲ್ಲಿರಲಿಲ್ಲ, ಮೈತುಂಬ ತುಕ್ಕು. ಆದರೂ 2016ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನಲ್ಲಿ ಬಾನಮ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಒಂದು ಹಳೆಯ ಬ್ರಫ್ ಸುಪೀರಿಯರ್ ಬೈಕು 3,31,900 ಪೌಂಡಿಗೆ ಬಿಕರಿಯಾಯಿತು. ಬ್ರಿಟಿಷ್ ಬೈಕೊಂದಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಹಣ ಸಿಕ್ಕಿರಲಿಲ್ಲ.

ಕಾರ್ನ್‌ವಾಲ್ ಪ್ರಾಂತ್ಯದ ಬಾಡ್ಮಿನ್ ಮೂರ್‌ನ ಕೊಟ್ಟಿಗೆಗಳಲ್ಲಿ ಇದೂ ಸೇರಿ ಎಂಟು ಬ್ರಫ್ ಸುಪೀರಿಯರ್ ಬೈಕುಗಳು ಐವತ್ತಕ್ಕೂ ಹೆಚ್ಚು ವರ್ಷ ದೂಳು ತಿನ್ನುತ್ತ ಬಿದ್ದಿದ್ದವು. ಕೆಲವಂತೂ ಬಿಡಿಭಾಗಗಳ ರಾಶಿ.

ದಾಖಲೆ ಬೆಲೆಯ ಬೈಕಿನ ಮಾದರಿ ಬಿಎಸ್4. ಇದರ ರಚನೆಯೇ ವಿಚಿತ್ರ. ಎಂಜಿನ್ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ವಂಶದ್ದು: ನಾಲ್ಕು ಸಿಲಿಂಡರ್, ನೀರಿನಿಂದ ತಂಪಾಗುವ ವ್ಯವಸ್ಥೆ. ಕಾರಿನ ಗೇರ್‌ಬಾಕ್ಸ್ ಬಂದದ್ದರಿಂದ ರಿವರ್ಸ್ ಗೇರ್ ಕೂಡ ಇತ್ತು! ಎಂಜಿನ್ನಿನ ಶಕ್ತಿಯನ್ನು ಒಯ್ಯುವ ದಂಡ ಬೈಕಿನ ನಟ್ಟನಡುವೆ ಹಾದುಹೋಗುತ್ತಿತ್ತು. ಹಾಗಾಗಿ ಹಿಂಬದಿಯಲ್ಲಿ ಒಂದರ ಬದಲು ಎರಡು ಚಕ್ರಗಳನ್ನು ಒತ್ತೊತ್ತಾಗಿ ಜೋಡಿಸಲಾಗಿತ್ತು. ಸೈಡ್‌ಕಾರ್ ಎಳೆಯಲೆಂದೇ ರೂಪಿಸಿದ ಈ ಮಾದರಿಯ ಹತ್ತು ಬೈಕುಗಳಷ್ಟೇ ತಯಾರಾದವು.

ತುಕ್ಕು ಹಿಡಿದದ್ದಕ್ಕೆ ಇಷ್ಟೊಂದು ಬೆಲೆಯೇಕೆ? ಹೊಸ ಬಣ್ಣ ಬಳಿದರೆ ಮೂಲದ ಗುರುತುಗಳು ಅಳಿಸಿಹೋಗುತ್ತವೆ. ಕಾರ್ಖಾನೆಯಿಂದ ಬಂದ ಎಂಜಿನ್ ಮತ್ತು ಚಾಸಿಗಳೇ ಉಳಿದು, ಅವುಗಳ ಸಂಖ್ಯೆಗಳು ಹಳೆಯ ದಾಖಲೆಗೆ ತಾಳೆಯಾದರೆ ಸಂಗ್ರಾಹಕರಿಗೆ ಅದೇ ಚಿನ್ನ. ಥಳಥಳಿಸುವ ಕ್ರೋಮ್ ಆಮೇಲಿನ ಮಾತು.

ಈ ದಾಖಲೆ ಹೆಚ್ಚು ಕಾಲ ಬಾಳಲಿಲ್ಲ. 2018ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ 1951ರ ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಎಂಬ ಮತ್ತೊಂದು ಬ್ರಿಟಿಷ್ ಬೈಕು 9,29,000 ಡಾಲರಿಗೆ ಹರಾಜಾಯಿತು.