ಟೈರಿಗೆ ನೈಟ್ರೋಜನ್: ಎಷ್ಟು ನಿಜ, ಎಷ್ಟು ಗಾಳಿಮಾತು

ಕಾರಿನ ಟೈರಿಗೆ ನೈಟ್ರೋಜನ್ ಹಾಕಿಸಿದರೆ ಒತ್ತಡ ಬೇಗ ಇಳಿಯುವುದಿಲ್ಲ, ಟೈರ್ ತಣ್ಣಗಿರುತ್ತದೆ, ಮೈಲೇಜ್ ಹೆಚ್ಚುತ್ತದೆ, ಸಿಡಿಯುವ ಭಯವಿಲ್ಲ ಎಂಬ ಮಾತುಗಳು ಪೆಟ್ರೋಲ್ ಬಂಕುಗಳಲ್ಲೂ ಟೈರ್ ಅಂಗಡಿಗಳಲ್ಲೂ ಕೇಳಿಬರುತ್ತವೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಉಳಿದೆರಡು ಮೊದಲನೆಯದರ ಬಾಲ ಹಿಡಿದು ಬಂದವು. ಬಂಕಿನಲ್ಲಿ ಪುಕ್ಕಟೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಸಾರಜನಕವಿದೆ. ಆದ್ದರಿಂದ ಇಲ್ಲಿ ಚರ್ಚೆಗೆ ಬರುವುದು ಉಳಿದ 21 ಪಾಲು ಆಮ್ಲಜನಕ, ಜೊತೆಗೆ ಒಂದಿಷ್ಟು ನೀರಾವಿ ಮಾತ್ರ.

ಪಂಕ್ಚರ್ ಆಗದ ಟೈರಿನಲ್ಲೂ ಗಾಳಿ ಇಳಿಯುತ್ತದೆ. ಅದು ರಬ್ಬರಿನ ಮೂಲಕವೇ ಹೊರಹೋಗುತ್ತದೆ ಎಂಬುದು ಗೊತ್ತಾದದ್ದು ಕಾರು ಹುಟ್ಟುವುದಕ್ಕೂ ಬಹಳ ಮೊದಲು. 1831ರಲ್ಲಿ ಫಿಲಡೆಲ್ಫಿಯಾದ ವೈದ್ಯ ಜಾನ್ ಕೆರ್ಸ್ಲಿ ಮಿಚೆಲ್, ಬೇರೆ ಬೇರೆ ಅನಿಲಗಳು ರಬ್ಬರ್ ಪೊರೆಯನ್ನು ಬೇರೆ ಬೇರೆ ವೇಗದಲ್ಲಿ ದಾಟುವುದನ್ನು ಕಂಡ. ಅದನ್ನು ಅಳೆದು ವಿವರಿಸಿದವನು ಸ್ಕಾಟ್‌ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ. 1866ರಲ್ಲಿ ಅವನು ರಬ್ಬರ್ ಪೊರೆಯ ಒಂದು ಬದಿಯಲ್ಲಿ ನಿರ್ವಾತ ಮಾಡಿ, ಇನ್ನೊಂದು ಬದಿಯ ಗಾಳಿಯನ್ನು ಅದರ ಮೂಲಕ ಎಳೆದ. ದಾಟಿ ಬಂದ ಗಾಳಿಯಲ್ಲಿ ಆಮ್ಲಜನಕದ ಪಾಲು 21ರಿಂದ ಸುಮಾರು 41ಕ್ಕೆ ಏರಿತ್ತು. ಆರುತ್ತಿದ್ದ ಕಟ್ಟಿಗೆಯ ಕೆಂಡ ಆ ಗಾಳಿಯಲ್ಲಿ ಮತ್ತೆ ಹೊತ್ತಿಕೊಂಡಿತು.

ಗ್ರಹಾಂ ಕೊಟ್ಟ ಕಾರಣ ಇವತ್ತಿಗೂ ನಿಂತಿದೆ. ಅನಿಲ ರಬ್ಬರಿನ ತೂತುಗಳಲ್ಲಿ ನುಸುಳುವುದಿಲ್ಲ. ಅದು ರಬ್ಬರಿನಲ್ಲಿ ಕರಗುತ್ತದೆ, ಒಳಗೊಳಗೇ ಸರಿಯುತ್ತದೆ, ಆಚೆ ಬದಿಯಲ್ಲಿ ಮತ್ತೆ ಅನಿಲವಾಗಿ ಹೊರಬೀಳುತ್ತದೆ. ಆಮ್ಲಜನಕ ರಬ್ಬರಿನಲ್ಲಿ ಹೆಚ್ಚು ಕರಗುತ್ತದೆ, ಅದರ ಅಣು ತುಸು ಚಿಕ್ಕದಾದ್ದರಿಂದ ಬೇಗ ಸರಿಯುತ್ತದೆ ಕೂಡ. ನೈಸರ್ಗಿಕ ರಬ್ಬರಿನಲ್ಲಿ ಅದರ ವೇಗ ಸಾರಜನಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು, ಬ್ಯುಟೈಲ್ ರಬ್ಬರಿನಲ್ಲಿ ನಾಲ್ಕು ಪಟ್ಟಿನ ಹತ್ತಿರ. ‘ಸಾರಜನಕದ ಅಣು ದೊಡ್ಡದು, ತೂತಿನಲ್ಲಿ ಹಿಡಿಸುವುದಿಲ್ಲ’ ಎಂಬ ಅಂಗಡಿಯ ವಿವರಣೆ ಅರ್ಧ ಸರಿ.

ಇಲ್ಲಿ ಬ್ಯುಟೈಲ್‌ನ ಮಾತು ಮುಖ್ಯ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ 1937ರಲ್ಲಿ ಇದನ್ನು ತಯಾರಿಸಿದರು. ನೈಸರ್ಗಿಕ ರಬ್ಬರಿಗೆ ಹೋಲಿಸಿದರೆ ಇದು ಗಾಳಿಯನ್ನು ಹತ್ತು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದಿಡುತ್ತದೆ. ಇಂದಿನ ಟ್ಯೂಬ್‌ಲೆಸ್ ಟೈರುಗಳ ಒಳಪದರ ಇದೇ ಜಾತಿಯ ರಬ್ಬರಿನದು. ಗಾಳಿ ಇಳಿಯುವ ತಾಪತ್ರಯದ ಬಹುಪಾಲನ್ನು ಬ್ಯುಟೈಲ್ ಎಂದೋ ಬಗೆಹರಿಸಿದೆ. ನೈಟ್ರೋಜನ್ ಮಾರುವವರು ಮಾರುತ್ತಿರುವುದು ಉಳಿದ ಚೂರನ್ನು.

ಆ ಚೂರು ಎಷ್ಟು? ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 2006ರಲ್ಲಿ ಆರಂಭಿಸಿದ ಒಂದು ಪರೀಕ್ಷೆಯಲ್ಲಿ 31 ಮಾದರಿಯ ಟೈರುಗಳನ್ನು ತೆಗೆದುಕೊಂಡು, ಪ್ರತಿ ಜೋಡಿಯಲ್ಲಿ ಒಂದಕ್ಕೆ ಗಾಳಿ, ಇನ್ನೊಂದಕ್ಕೆ ಸಾರಜನಕವನ್ನು 30 ಪಿಎಸ್‌ಐಗೆ ತುಂಬಿ, ಒಂದು ವರ್ಷ ಬಯಲಲ್ಲಿಟ್ಟಿತು. ಗಾಳಿಯ ಟೈರುಗಳು ಸರಾಸರಿ 3.5 ಪಿಎಸ್‌ಐ ಕಳೆದುಕೊಂಡವು, ಸಾರಜನಕದವು 2.2. ವ್ಯತ್ಯಾಸ ವರ್ಷಕ್ಕೆ 1.3 ಪಿಎಸ್‌ಐ. ಒತ್ತಡ 1 ಪಿಎಸ್‌ಐ ಇಳಿದರೆ ಇಂಧನ ಕ್ಷಮತೆ ಸುಮಾರು ಶೇ. 0.2ರಷ್ಟು ಕುಗ್ಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಅಂದರೆ ವರ್ಷವಿಡೀ ಒಮ್ಮೆಯೂ ಗಾಳಿ ನೋಡಿಸದ ಕಾರಿನಲ್ಲೂ ನೈಟ್ರೋಜನ್‌ನಿಂದ ವರ್ಷದ ಕೊನೆಯ ಹೊತ್ತಿಗೆ ಸಿಗುವ ಮೈಲೇಜ್ ಲಾಭ ಶೇ. 0.3ನ್ನೂ ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ನೋಡಿಸುವವರಿಗೆ ಅದೂ ಇಲ್ಲ.

ಟೈರ್ ತಣ್ಣಗಿರುತ್ತದೆ ಎಂಬುದಕ್ಕೆ ಬುಡವೇ ಇಲ್ಲ. ಟೈರ್ ಬಿಸಿಯಾಗುವುದು ಉರುಳುವಾಗ ರಬ್ಬರ್ ಮತ್ತೆ ಮತ್ತೆ ಬಾಗಿ ನೇರವಾಗುವುದರಿಂದ. ಒಳಗಿನ ಅನಿಲ ಯಾವುದಾದರೂ ಅದಕ್ಕೆ ಲೆಕ್ಕವಿಲ್ಲ. ಬಿಸಿಯಾದಾಗ ಒತ್ತಡ ಏರುವ ರೀತಿಯೂ ಒಂದೇ. 32 ಪಿಎಸ್‌ಐ ಇರುವ ಟೈರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್‌ನಿಂದ 37ಕ್ಕೆ ಏರಿದರೆ, ಒಳಗಿರುವುದು ಗಾಳಿಯಾಗಲಿ ಸಾರಜನಕವಾಗಲಿ, ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುತ್ತದೆ. ಸಾರಜನಕ ಹಗುರ ಎಂಬ ಮಾತೂ ಇದೆ. ಸಣ್ಣ ಕಾರಿನ ಒಂದು ಟೈರಿನಲ್ಲಿರುವ ಗಾಳಿಯ ತೂಕ ನೂರು ಗ್ರಾಂ ಆಸುಪಾಸು, ಸಾರಜನಕ ತುಂಬಿದರೆ ಕಡಿಮೆಯಾಗುವುದು ಸುಮಾರು ಮೂರು ಗ್ರಾಂ!

ಅನಿಲವನ್ನು ಬಿಟ್ಟು ನೀರಿನ ಕಡೆ ಬಂದರೆ ಮಾತ್ರ ವಾದಕ್ಕೆ ಸ್ವಲ್ಪ ತೂಕ ಬರುತ್ತದೆ. ಕಂಪ್ರೆಸರ್‌ನಲ್ಲಿ ಗಾಳಿ ಒತ್ತಿದಾಗ ಅದರಲ್ಲಿನ ನೀರಾವಿ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ಬಸಿಯದಿದ್ದರೆ ಆ ನೀರು ಗಾಳಿಯ ಜೊತೆ ಟೈರಿನೊಳಕ್ಕೆ ಹೋಗುತ್ತದೆ. ಆವಿಯ ರೂಪದಲ್ಲಿದ್ದರೆ ಅದರಿಂದ ತೊಂದರೆಯಿಲ್ಲ. ದ್ರವವಾಗಿ ಉಳಿದ ನೀರು ಟೈರ್ 70 ಡಿಗ್ರಿಗೆ ಬಿಸಿಯಾದಾಗ ಆವಿಯಾಗಿ, ಅನಿಲದ ಸಹಜ ಏರಿಕೆಯ ಮೇಲೆ ಇನ್ನೂ ಹೆಚ್ಚೆಂದರೆ ನಾಲ್ಕು ಪಿಎಸ್‌ಐ ಸೇರಿಸಬಲ್ಲದು. ರೇಸ್ ಕಾರುಗಳಿಗೆ ಇದು ದೊಡ್ಡ ವ್ಯತ್ಯಾಸ. ಸಂತೆಗೆ, ಶಾಲೆಗೆ, ಆಫೀಸಿಗೆ ಓಡಾಡುವ ಕಾರಿಗೆ ಅಲ್ಲ. ಅಲ್ಲದೆ ಇಲ್ಲಿ ಬೇಕಾದದ್ದು ತೇವವಿಲ್ಲದ ಅನಿಲ. ಒಣಗಿಸಿದ ಗಾಳಿಯೂ ಅದೇ ಕೆಲಸ ಮಾಡುತ್ತದೆ.

ಸಾರಜನಕ ನಿಜವಾಗಿ ಜೀವ ಉಳಿಸುವುದು ವಿಮಾನದ ಚಕ್ರಗಳಲ್ಲಿ. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಮೆಕ್ಸಿಕೋ ನಗರದಿಂದ ಹಾರಿದ ಸ್ವಲ್ಪ ಹೊತ್ತಿನಲ್ಲೇ ಬೆಟ್ಟಗಳ ನಡುವೆ ಬಿದ್ದು 167 ಮಂದಿ ಸತ್ತರು. ಬ್ರೇಕ್ ವಿಪರೀತ ಕಾದು, ಗಾಳಿ ತುಂಬಿದ್ದ ಟೈರ್ ಹಾರಾಟದ ನಡುವೆ ಸ್ಫೋಟಿಸಿ, ಇಂಧನ ಮತ್ತು ಹೈಡ್ರಾಲಿಕ್ ಕೊಳವೆಗಳನ್ನು ಹರಿದುಹಾಕಿತ್ತು. ಅಷ್ಟು ಕಾವಿನಲ್ಲಿ ಟೈರಿನ ಒಳಪದರ ಸುಟ್ಟು ಉರಿಯುವ ಅನಿಲಗಳನ್ನು ಬಿಡುತ್ತದೆ. ಆಮ್ಲಜನಕ ಕೈಗೆ ಸಿಕ್ಕರೆ ಅವು ಸಿಡಿಯುತ್ತವೆ. ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತ ಇಂಥ ಚಕ್ರಗಳಿಗೆ ಸಾರಜನಕವನ್ನು ಕಡ್ಡಾಯ ಮಾಡಿತು. ಅಲ್ಲಿನ ನಿಯಮದಂತೆ 75,000 ಪೌಂಡಿಗಿಂತ, ಅಂದರೆ ಸುಮಾರು 34 ಟನ್ನಿಗಿಂತ, ಭಾರದ ವಿಮಾನಗಳ ಬ್ರೇಕ್ ಇರುವ ಚಕ್ರಗಳ ಟೈರಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಶೇ. 5 ಮೀರಬಾರದು.

ಕಾರಿನ ಟೈರ್ ಒಡೆಯುವ ಬಗೆ ಬೇರೆ. ಗಾಳಿ ಕಡಿಮೆಯಿದ್ದರೆ ಅಥವಾ ಹೊರೆ ಜಾಸ್ತಿಯಾದರೆ ಟೈರಿನ ಪಕ್ಕೆ ಹೆಚ್ಚು ಬಾಗಿ, ಕಾದು, ಪದರಗಳು ಬಿಟ್ಟುಕೊಳ್ಳುತ್ತವೆ. ಸವೆದ, ಹಳೆಯ ಟೈರಿನಲ್ಲಿ ಇದು ಇನ್ನೂ ಬೇಗ. ಯಮುನಾ ಎಕ್ಸ್‌ಪ್ರೆಸ್‌ವೇ ಬಸ್ ದುರಂತದ ಬೆನ್ನಿಗೆ, 2019ರ ಜುಲೈನಲ್ಲಿ, ಟೈರುಗಳಿಗೆ ನೈಟ್ರೋಜನ್ ಕಡ್ಡಾಯ ಮಾಡುವ ಆಲೋಚನೆಯನ್ನು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ರಾಜ್ಯಸಭೆಯಲ್ಲಿ ಹೇಳಿದ್ದರು. ಆದರೆ 20 ಪಿಎಸ್‌ಐಗೆ ಇಳಿದ ನೈಟ್ರೋಜನ್ ಟೈರ್, 20ಕ್ಕೆ ಇಳಿದ ಗಾಳಿಯ ಟೈರಿನಷ್ಟೇ ಅಪಾಯಕಾರಿ.

ಬಂಕಿನ ಯಂತ್ರ ಸಾರಜನಕವನ್ನು ಅಲ್ಲಿನ ಗಾಳಿಯಿಂದಲೇ ಬೇರ್ಪಡಿಸುತ್ತದೆ. ಕೆಲವು ಯಂತ್ರಗಳಲ್ಲಿ ಆ ಕೆಲಸ ಮಾಡುವುದು ಟೊಳ್ಳು ಎಳೆಗಳ ಪಾಲಿಮರ್ ಪೊರೆ: ಆಮ್ಲಜನಕ ಬೇಗ ದಾಟಿ ಹೋಗುತ್ತದೆ, ಸಾರಜನಕ ಹಿಂದುಳಿಯುತ್ತದೆ. ಗ್ರಹಾಂ ಕಂಡದ್ದೇ ಇಲ್ಲಿ ವ್ಯಾಪಾರವಾಗಿದೆ. ಯಂತ್ರದಿಂದ ಬರುವ ಅನಿಲ ಶೇ. 95 ಶುದ್ಧವೆಂದುಕೊಂಡರೂ ಟೈರಿನೊಳಗೆ ಅಷ್ಟಿರುವುದಿಲ್ಲ. ಪೂರ್ತಿ ಗಾಳಿ ಬಿಟ್ಟ ಟೈರಿನಲ್ಲೂ ಹೊರಗಿನ ವಾತಾವರಣದಷ್ಟೇ ಒತ್ತಡದ ಗಾಳಿ ಉಳಿದಿರುತ್ತದೆ. ಅದರ ಮೇಲೆ 32 ಪಿಎಸ್‌ಐ ತುಂಬಿದರೆ ಆಮ್ಲಜನಕದ ಪಾಲು ಸುಮಾರು ಶೇ. 10. ಮತ್ತೊಮ್ಮೆ ಬಿಟ್ಟು ತುಂಬಿದರೆ 6.6. ಒಂದೇ ಸಲ ಉಸ್ಸೆಂದು ತುಂಬಿ ವಾಲ್ವಿಗೆ ಹಸಿರು ಕ್ಯಾಪ್ ಸಿಕ್ಕಿಸುವ ಕಡೆ ಗ್ರಾಹಕ ಕೊಡುವ ದುಡ್ಡು ಅರ್ಧ ಕೆಲಸಕ್ಕೆ.

ಶುದ್ಧ ಸಾರಜನಕ ತುಂಬಿದರೂ ಅದು ಶುದ್ಧವಾಗಿ ಉಳಿಯುವುದಿಲ್ಲ. ಮಿಶ್ರಣದಲ್ಲಿ ಪ್ರತಿ ಅನಿಲವೂ ತನ್ನದೇ ಒತ್ತಡವನ್ನು ಮಾತ್ರ ಲೆಕ್ಕಿಸುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಪಾಲಿನ ಒತ್ತಡ ಸುಮಾರು 3 ಪಿಎಸ್‌ಐ, ಒಳಗೆ ಸೊನ್ನೆ. ಹಾಗಾಗಿ ಬಿಗಿಯಾಗಿ ತುಂಬಿದ ಟೈರಿನೊಳಕ್ಕೂ ಆಮ್ಲಜನಕ ರಬ್ಬರ್ ದಾಟಿ ಬರುತ್ತದೆ. ಇತ್ತ ಸಾಮಾನ್ಯ ಗಾಳಿಯ ಟೈರಿನಿಂದ ಆಮ್ಲಜನಕವೇ ಬೇಗ ಹೊರಬೀಳುವುದರಿಂದ, ಆಗಾಗ ಗಾಳಿ ಹಾಕಿಸಿದಂತೆ ಅದರಲ್ಲಿ ಸಾರಜನಕದ ಪಾಲು ತಾನಾಗಿಯೇ ಏರುತ್ತ ಹೋಗುತ್ತದೆ.

ನೈಟ್ರೋಜನ್ ಇರುವ ಟೈರಿಗೆ ಗಾಳಿ ಬೆರೆಸಬಾರದು ಎಂಬ ಹೆದರಿಕೆಗೂ ಆಧಾರವಿಲ್ಲ. ಶೇ. 95 ಸಾರಜನಕದ ಟೈರ್ 29 ಪಿಎಸ್‌ಐಗೆ ಇಳಿದಾಗ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ 3 ಪಿಎಸ್‌ಐ ಸಾದಾ ಗಾಳಿ ಹಾಕಿಸಿದರೆ, ಸಾರಜನಕದ ಪಾಲು 94ಕ್ಕೆ ಇಳಿಯುತ್ತದೆ.