ದೊಡ್ಡವರು ಸತ್ತರೆ ಪೋಸ್ಟ್‌ಮಾರ್ಟಂ ಕಡ್ಡಾಯವೇ?

2017ರ ಜನವರಿ 3. ಗುಂಡ್ಲುಪೇಟೆಯ ಶಾಸಕ, ಸಹಕಾರ ಸಚಿವ ಎಚ್.ಎಸ್. ಮಹದೇವಪ್ರಸಾದ್ ಚಿಕ್ಕಮಗಳೂರು ಜಿಲ್ಲೆಯ ರೆಸಾರ್ಟ್ ಒಂದರಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. 2023ರ ಮಾರ್ಚ್ 11ರ ಬೆಳಿಗ್ಗೆ ಮೈಸೂರಿನಲ್ಲಿದ್ದ ಚಾಮರಾಜನಗರದ ಮಾಜಿ ಸಂಸದ ಆರ್. ಧ್ರುವನಾರಾಯಣ ಅವರಿಗೆ ಎದೆನೋವು ಬಂತು, ಜೀವ ಉಳಿಯಲಿಲ್ಲ. ಎರಡೂ ಹೃದಯಾಘಾತವೆಂದು ವರದಿಯಾದವು. ನಮ್ಮ ಚಾಮರಾಜನಗರ ಜಿಲ್ಲೆಗೆ ಜಿಲ್ಲೆಯೇ ಅತ್ತಿತು. ಇಂಥ ಸಾವಾದಾಗಲೆಲ್ಲ ಜನ ಆಡುವ ಮಾತೊಂದಿದೆ: ‘ಇಷ್ಟು ದೊಡ್ಡ ಮನುಷ್ಯ, ಪೋಸ್ಟ್‌ಮಾರ್ಟಂ ಮಾಡಲೇಬೇಕು, ಕಾನೂನೇ ಹಾಗಿದೆ.’

ಕಾನೂನು ಹಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ (ಹಿಂದೆ ಸಿಆರ್‌ಪಿಸಿ 174) ಸತ್ತವರ ಹುದ್ದೆಯನ್ನು ನೋಡುವುದಿಲ್ಲ. ಆತ್ಮಹತ್ಯೆ, ಕೊಲೆ, ಅಪಘಾತ, ಅನುಮಾನಾಸ್ಪದ ಸಾವು ಇಂಥವೇ ಅದರ ಅಳತೆ. ಅಲ್ಲಿ ಮನೆಯವರ ಒಪ್ಪಿಗೆಯೂ ಬೇಕಿಲ್ಲ. ಅನುಮಾನವಿಲ್ಲದೆ ಕಾರಣ ತಿಳಿಯಲಷ್ಟೇ ವೈದ್ಯರು ಮಾಡುವ ಶವಪರೀಕ್ಷೆಗೆ ಒಪ್ಪಿಗೆ ಬೇಕೇ ಬೇಕು. 1966ರಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರಿಗೇ ಶವಪರೀಕ್ಷೆ ಆಗಲಿಲ್ಲ. ಅವರ ಸಾವಿನ ಕಾರಣದ ಪ್ರಶ್ನೆ ಇವತ್ತಿಗೂ ಆರಿಲ್ಲ.

ಶವಪರೀಕ್ಷೆಯಾದರೆ ಎಲ್ಲವೂ ಅಂದೇ ಬಯಲಾಗುತ್ತದೆ ಎಂಬುದು ಇನ್ನೊಂದು ನಂಬಿಕೆ. ರಕ್ತನಾಳದ ತಡೆ, ಮಹಾಪಧಮನಿಯ ಸೀಳು, ಶ್ವಾಸಕೋಶಕ್ಕೆ ನುಗ್ಗಿದ ರಕ್ತದ ಹೆಪ್ಪು, ಮಿದುಳಿನ ರಕ್ತಸ್ರಾವ ಇವೆಲ್ಲ ಕಣ್ಣಿಗೆ ಕಾಣುತ್ತವೆ, ನಿಜ. ಆದರೆ ಹೃದಯಾಘಾತವಾದ ಮೊದಲ ಕೆಲವು ಗಂಟೆಗಳಲ್ಲೇ ಜೀವ ಹೋಗಿದ್ದರೆ ಹೃದಯದ ಸ್ನಾಯುವಿನಲ್ಲಿ ಬರಿಗಣ್ಣಿಗೆ ಗುರುತೇ ಸಿಗದಿರಬಹುದು. ಬಡಿತದ ಲಯ ತಪ್ಪಿ ಸತ್ತವರ ಹೃದಯ ಸಂಪೂರ್ಣ ಸರಿಯಾಗಿಯೇ ಕಾಣಬಹುದು. ಆಗ ವಂಶವಾಹಿ ಪರೀಕ್ಷೆ ನೆರವಾಗಬಹುದು. ವಿಷದ ಶಂಕೆಯಿದ್ದರೆ ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು, ವರದಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಮ್ಮದೇ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಮಾರಮ್ಮನ ಪ್ರಸಾದ ತಿಂದು 17 ಮಂದಿ ಸತ್ತಾಗ, ಅದಕ್ಕೆ ಬೆರೆಸಿದ್ದು ಕೀಟನಾಶಕವೆಂದು ಖಚಿತವಾದದ್ದು ಪ್ರಯೋಗಾಲಯದಲ್ಲೇ. ಸತ್ತವರು ಯಾರೂ ಗಣ್ಯರಲ್ಲ.

ದೇಹ ವಿರೂಪವಾಗುತ್ತದೆಂಬ ಭಯವೂ ಬೇಡ. ಹೊಲಿದು, ಶುಚಿಗೊಳಿಸಿಯೇ ಒಪ್ಪಿಸುತ್ತಾರೆ. ಬಟ್ಟೆ ಉಡಿಸಿದರೆ ಹೊಲಿಗೆ ಕಾಣದು.

ಹಾಗಾದರೆ ಗಣ್ಯರಿಗೆ ಕಡ್ಡಾಯ ಮಾಡಬೇಕೇ? ಹುದ್ದೆಯ ಕಾರಣಕ್ಕೆ ಬೇಡ ಎಂದೇ ನನ್ನ ನಿಲುವು. ಕಾರಣ ತಿಳಿಯದ ಹಠಾತ್ ಸಾವು ಯಾರದೇ ಆಗಲಿ, ಪರೀಕ್ಷೆ ಆಗಬೇಕು. ಸಚಿವರಿಗೂ ಅರಿಸಿನದ ಹೊಲದ ಕೂಲಿಯವನಿಗೂ ಒಂದೇ ನಿಯಮ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಆದವೆನ್ನಲಾದ ಸರಣಿ ಸಾವುಗಳ ಬಳಿಕ, 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಶವಪರೀಕ್ಷೆ ಕಡ್ಡಾಯ ಮಾಡುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಘೋಷಿಸಿದ್ದು ಅದೇ ದಿಕ್ಕಿನ ಹೆಜ್ಜೆ. ಅದು ತಾಲ್ಲೂಕು ಆಸ್ಪತ್ರೆಯವರೆಗೂ ನಡೆದು ಬರಬೇಕು.

ಇದು ಬದುಕಿರುವವರ ಪ್ರಶ್ನೆಯೂ ಹೌದು. ಹೃದಯದ ಸ್ನಾಯು ದಪ್ಪಗಾಗುವಂಥ ಕೆಲವು ಕಾಯಿಲೆಗಳು ವಂಶದಲ್ಲೇ ಬರುತ್ತವೆ. ಮನೆಯಲ್ಲಿ ಚಿಕ್ಕ ವಯಸ್ಸಿನವರೊಬ್ಬರು ಇದ್ದಕ್ಕಿದ್ದಂತೆ ತೀರಿಕೊಂಡರೆ, ಕಾರಣ ತಿಳಿಯದೆ ಚಿತೆಗೆ ಬೆಂಕಿ ಇಡಬೇಡಿ, ವೈದ್ಯರನ್ನು ಕೇಳಿ. ಒಡಹುಟ್ಟಿದವರಿಗೂ ಮಕ್ಕಳಿಗೂ ಇಸಿಜಿ, ಎಕೋ ಮಾಡಿಸಿ.